ಶಾಂಭವಿ ಎಳೆ

ಹೊಸ ಗುಳೇದಗುಡ್ಡ
ಇಸವಿ ೨೨೩೧, ಲೆಕ್ಕಕ್ಕಿಲ್ಲದ ದಿನ

ಶಾಂಭವೀ,

ನಿನ್ನನ್ನು ಮಾತೋಶ್ರೀ ಎನ್ನಲೋ ಚಿರಂಜೀವಿ ಎನ್ನಲೋ ಎಂದು ಬೆಳಗಿನಿಂದ ಒದ್ದಾಡಿದ್ದೇನೆ. ವಂಶದಲ್ಲಿ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನಿನಗಿನ್ನೂ ಮದುವೆಯಾಗಿಲ್ಲ, ನನಗೋ ಹಲ್ಲೆಲ್ಲ ಉದುರಿವೆ. ಹಾಗಾಗಿ ಏಕವಚನದಲ್ಲೇ ಮಾತಾಡುತ್ತೇನೆ, ಸಿಟ್ಟಾಗಬೇಡ. ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅಂತಲೂ ಅನ್ನಬೇಡ. ನಮ್ಮ ಪಂಚಾಂಗದಲ್ಲಿ ವರ್ಷಕ್ಕೊಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ ಬಿಟ್ಟಿರುತ್ತಾರೆ. ಅಂದು ಕೆಲಸಕ್ಕೆ ರಜೆ, ಹಿಂದಿನವರಿಗೆ ಕಾಗದ ಬರೆಯಲು ಅಪ್ಪಣೆ. ಬರೆದದ್ದು ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಮಾತು ನಿನಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನ ಕಾಲದ ಕನ್ನಡವನ್ನು ನಾನು ಅಜ್ಜಿಯರ ಬಾಯಲ್ಲಿ ಕೇಳಿ ಕಲಿತದ್ದು.

ನಾನು ಮೆತ್ತಗಾರ್ತಿ. ಮೆತ್ತನೆಯ ಕಾಳು ಮಾಡುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ನೀನು ಈಗ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ಜೆಲ್ ಕಾಳು ಇದೆಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದು, ಒಳಗೆ ಎಳೆಗಳ ಬಲೆ, ಬಲೆಯ ತುಂಬ ನೀರು, ನಮ್ಮ ಸಂಸಾರವೆಲ್ಲ ಅದರ ಮೇಲೇ ನಡೆದಿದೆ ನೋಡವ್ವ. ನೀರು ನಮಗೆ ನಲ್ಲಿಯಲ್ಲಿ ಬರುವುದಿಲ್ಲ, ಚೀಲದಲ್ಲಿ ಬರುತ್ತದೆ. ಅಂಥ ಕೋಟಿ ಕಾಳು ಸೇರಿ ಒಂದು ನೀರ್ಗಾಳು. ನೋಡಲು ನೆನೆಸಿದ ಸಾಬೂದಾನಿಯ ಹಾಗೆ. ತಣ್ಣಗಿದ್ದರೆ ಉಬ್ಬಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಮುದುಡಿ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಎದ್ದು ಒಂದು ಹಿಡಿ ಅಂಗೈಯಲ್ಲಿ ಮುಚ್ಚಿಕೊಂಡು ಕೂತರೆ ಮುಖ ತೊಳೆಯುವಷ್ಟು ನೀರು ಬೆರಳ ಸಂದಿಯಿಂದ ಇಳಿಯುತ್ತದೆ. ಚೀಲವನ್ನು ಬಿಸಿಲಲ್ಲಿ ಮರೆತು ಬಂದ ಸೊಸೆಗೆ ಅವತ್ತಿಡೀ ಬೈಗುಳ. ನೀರು ಧಾರಾಳವಾಗಿ ಹರಿಯುತ್ತಿದ್ದ ಕಾಲದ ಕಥೆ ಹೇಳುವಾಗ ನನ್ನಜ್ಜಿ ಅಳುತ್ತಿದ್ದಳು. ನನಗೆ ಅದರ ಆಸೆ ಅಷ್ಟಿಲ್ಲ. ನನ್ನ ಆಸೆ ಬೇರೆ.

ನನ್ನವ್ವ ಚಂದ್ರವ್ವನ ನಗು ನೀನು ಕೇಳಬೇಕಿತ್ತು. ಮೊದಲು ಗೊರಗೊರ, ಆಮೇಲೆ ನಡುವೆ ಒಡೆದು ಕೀರಲು, ಕೊನೆಗೆ ಕೆಮ್ಮು. ಓಣಿಯ ಆ ತುದಿಯಲ್ಲಿ ನಕ್ಕರೂ ನಾನು ಈ ತುದಿಯಲ್ಲಿ ಆಟ ಬಿಟ್ಟು ಓಡುತ್ತಿದ್ದೆ. ಆಮೇಲೆ ಧೂಳಿನ ವರ್ಷಗಳು ಬಂದವು, ಊರಿನವರ ಗಂಟಲು ಒಣಗಿ ಸ್ವರ ಹೋಯಿತು. ಅವ್ವ ಕೊನೆಯ ದಿನಗಳಲ್ಲಿ ಹೆಗಲು ಕುಣಿಸಿ ನಗುತ್ತಿದ್ದಳು, ಸದ್ದೇ ಇರುತ್ತಿರಲಿಲ್ಲ. ಅದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಈಗ ಮಕ್ಕಳಿಗೆ ಹಾಲುಹಲ್ಲು ಬೀಳುವ ಹೊತ್ತಿಗೆ ಗಂಟಲಿಗೆ ಇದೇ ಕಾಳಿನ ಜೆಲ್ ಕೂರಿಸುತ್ತಾರೆ. ಸ್ವರ ಉಳಿಯುತ್ತದೆ. ಆದರೆ ಏನು ಹೇಳಲಿ ತಾಯಿ, ಎಲ್ಲರದೂ ಒಂದೇ ಸ್ವರ! ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಕತ್ತಲಲ್ಲಿ ಮಾತಾಡಿಸಿದರೆ ಮಗನೋ ಅಳಿಯನೋ ತಿಳಿಯುವುದಿಲ್ಲ.

ಕಾರಣ ನನಗೆ ಗೊತ್ತು, ಜೀವಮಾನವಿಡೀ ಇದೇ ಕೆಲಸ. ನಮ್ಮ ಕಾಳಿನೊಳಗೆ ಪ್ರತಿ ಎಳೆಯ ಎರಡೂ ತುದಿಗೆ ಗಂಟು ಬಿದ್ದಿರುತ್ತದೆ, ನಡುವಿನಿಂದ ಅಂಚಿನವರೆಗೆ ಒಂದೇ ಸಮ. ಎಲ್ಲೋ ಒಂದು ತುದಿ ಬಿಟ್ಟರೆ ತಿದ್ದುಯಂತ್ರ ಕಣ್ಣೆದುರೇ ಹಿಡಿದು ಕಟ್ಟಿಬಿಡುತ್ತದೆ. ಅದಕ್ಕೆ ಮೊದಲ ಪಾಠ ಆದದ್ದು ನೀನು ಕಂಪ್ಯೂಟರಿನಲ್ಲಿ ಕಟ್ಟಿದ ಕಾಳಿನ ಮಾದರಿ, ಆ ಅಚ್ಚುಕಟ್ಟಾದ ಉಂಡೆ. ಅದಕ್ಕೂ ಮುಂಚೆ ನೀನು ಇನ್ನೊಂದು ಕಟ್ಟಿದ್ದೆ. ಎಳೆಗಳನ್ನು ಒಂದು ಗೋಲದೊಳಗೆ ಸುರಿದು, ಅವು ತಾವೇ ಜೋಡಿ ಹುಡುಕಿಕೊಳ್ಳಲಿ ಎಂದು ಬಿಟ್ಟಿದ್ದೆ. ನಡುವೆ ಗಂಟುಗಳು ಒತ್ತಾಗಿ ಬಿದ್ದವು, ಹೊರಕ್ಕೆ ಬಂದಂತೆ ವಿರಳವಾದವು, ಅಂಚಿನಲ್ಲಿ ಜೋಡಿ ಸಿಗದ ಎಳೆಗಳು ಸೀರೆಯ ಕುಚ್ಚಿನಂತೆ ಜೋತುಬಿದ್ದವು. ನಿನ್ನ ಸಂಶೋಧನೆಯ ಗೈಡ್ ಅದನ್ನು ನೋಡಿ ಏನಮ್ಮ ಇದು, ತಲೆ ಬಾಚದ ಹುಡುಗಿಯ ಹಾಗಿದೆ, ನೀಟಾಗಿ ಮಾಡು ಅಂದರು. ನಿನಗೆ ನಾಚಿಕೆಯಾಯಿತು. ಕುಚ್ಚನ್ನೆಲ್ಲ ಕತ್ತರಿಸಿ, ಹಳೆಯ ಉಂಡೆಯನ್ನು ಅಳಿಸಿಬಿಟ್ಟೆ. ನನಗೆ ಇದು ನಡೆದುಹೋದ ಮಾತು, ಈ ಕಾಗದ ಓದುವ ನಿನಗೆ ಅಳಿಸುವುದು ಇನ್ನೂ ಬಾಕಿ.

ಜೋತುಬಿದ್ದ ಆ ತುದಿಗಳು ಉಳಿದಿದ್ದರೆ ಒಂದೊಂದು ಗಂಟಲಲ್ಲಿ ಒಂದೊಂದು ರೀತಿ ಹೆಣೆದುಕೊಳ್ಳುತ್ತಿದ್ದವು ಶಾಂಭವೀ. ಗೊರಗೊರ ಅನ್ನುವುದು ಅಲ್ಲೇ ಹುಟ್ಟುವುದು. ಅದು ತಪ್ಪಲ್ಲ, ಕಾಳಿನ ಸ್ವಭಾವವೇ ಹಾಗೆ.

ಇದೆಲ್ಲ ನಿನಗೆ ಹೇಗೆ ಗೊತ್ತು ಎನ್ನುತ್ತೀಯೇನೋ. ವಯಸ್ಸಾದ ಮೇಲೆ ನೀನೇ ಮಗಳಿಗೆ ಹೇಳಿಕೊಂಡು ಹಳಹಳಿಸಿದ್ದೀಯ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸ ಬಟ್ಟೆ ಹೊಲಿದಾಗ ಅಂಚಿನಲ್ಲಿ ಒಂದು ಎಳೆ ಕತ್ತರಿಸದೆ ಬಿಡುತ್ತೇವೆ, ಅದಕ್ಕೆ ಶಾಂಭವಿ ಎಳೆ ಅನ್ನುತ್ತೇವೆ. ಬಿಡುವಾಗ ನಿನ್ನ ಕಥೆ ಹೇಳುತ್ತೇವೆ. ನನಗೆ ಅವ್ವ ಹೇಳಿದಳು, ನಾನು ಮೊಮ್ಮಗಳು ಚಂಪಿಗೆ ಹೇಳಿದೆ. ಅವಳ ಖಣದ ಲಂಗದ ಎಳೆ ಈಗ ಮಾರುದ್ದ ಆಗಿದೆ, ಎಳೆದೆಳೆದು ನಗುವುದೇ ಆಟ. ಆ ನಗು ಕೇಳಿದರೆ ಕೈಯ ಕೆಲಸ ಬಿಟ್ಟು ಓಡುತ್ತೇನೆ. ಗೊರಗೊರ, ನಡುವೆ ಒಡೆದು ಕೀರಲು, ಕೊನೆಗೆ ಕೆಮ್ಮು. ನನ್ನವ್ವನೇ ಬಂದು ಕೂತ ಹಾಗೆ! ಅವಳ ಮೊದಲ ಹಲ್ಲು ಅಲ್ಲಾಡುತ್ತಿದೆ. ಬಿದ್ದ ಕೂಡಲೇ ಜೆಲ್ ಕೂರಿಸಲು ಕರೆದೊಯ್ಯುತ್ತಾರೆ. ಬೇಡ ಎಂದರೆ ಸ್ವರವೇ ಹೋಗುತ್ತದೆ, ಸರಿ ಎಂದರೆ ಈ ನಗು ಹೋಗುತ್ತದೆ. ನಾನು ಸರಿ ಎಂದಿದ್ದೇನೆ, ಇನ್ನೇನು ಮಾಡಲಿ?

ಅದಕ್ಕೇ ಕೇಳುತ್ತೇನೆ. ಗೈಡ್ ಬೈದರೆ ಬೈಯಲಿ, ತಲೆ ಬಾಚದ ಆ ಉಂಡೆಯನ್ನು ಅಳಿಸಬೇಡ. ಅದನ್ನೇ ಮುಂದಿನವರಿಗೆ ಕೊಡು. ನೀನು ಹಾಗೆ ಮಾಡಿದರೆ ಮುಂದೆ ಹಳಹಳಿಸಲು ಏನೂ ಇರುವುದಿಲ್ಲ, ಮಗಳಿಗೆ ಹೇಳಲು ಕಥೆಯೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಎಳೆ ಬಿಡುವುದಿಲ್ಲ, ನಿನ್ನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ನಾನು ಈ ಕಾಗದ ಬರೆಯುವುದೂ ಇಲ್ಲ. ಇಷ್ಟು ದಿನ ನಿನ್ನನ್ನು ನೆನೆದವಳಿಗೆ ಅದು ಸಂಕಟವೇ. ಆದರೂ ಆಗಲಿ ಬಿಡು. ಚಂಪಿಯ ಲಂಗದ ಅಂಚು ನೀಟಾಗಿರಲಿ, ಅವಳು ಓಣಿಯ ಆ ತುದಿಯಲ್ಲಿ ನಕ್ಕರೆ ಈ ತುದಿಯಲ್ಲಿ ನನಗೆ ಗೊತ್ತಾಗಲಿ.

ನಿನ್ನ ಮೊಮ್ಮಗಳೂ ಅಜ್ಜಿಯೂ ಆದ,
ಇಂದವ್ವ