ತಣ್ಣನೆಯದನ್ನು ಕುಡಿಯಬೇಡಿ

ಹೆಸರಿಟ್ಟು ಕರೆಯಲಾಗದ ನನ್ನ ಅಕ್ಕಾ,

ಈಗ ಸಂಜೆ ಆರು ಗಂಟೆ. ಬಿಸಿಲು ಇನ್ನೂ ತಗಡಿನ ಮೇಲಿಂದ ಇಳಿದಿಲ್ಲ. ಬೆಳಿಗ್ಗೆ ಹೆಂಗಸರೆಲ್ಲ ಸೇರಿ, ಹೋದವರನ್ನು ದಾರಿಗೆ ಹಚ್ಚಲೆಂದು ಅಂಗಡಿಯ ಮುಂದಿನ ಕಂಬಕ್ಕೆ ಹಸಿ ಸೊಪ್ಪಿನ ಹೊಗೆ ಹಾಕಿದೆವು. ಮಧ್ಯಾಹ್ನ ಕ್ಲಾರಿ ಮಾವ ಏಣಿ ಹತ್ತಿ ಅಲ್ಲಿನ ಧ್ವನಿವರ್ಧಕಕ್ಕೆ ಹೊಸ ತಂತಿ ಎಳೆದ. ನನ್ನ ಕೂದಲಲ್ಲಿ ಈಗಲೂ ಆ ಹೊಗೆಯ ವಾಸನೆಯಿದೆ.

ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೋದವರ ಹೆಸರು ಹಿಡಿದರೆ ಅವರು ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರೆ ಎಂದು ಡಲ್ಸಿ ದೊಡ್ಡಮ್ಮ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ನಿಲ್ಲಬೇಡ. ನಡೆಯುತ್ತಲೇ ಕೇಳಿಸಿಕೋ.

ಆಲಿಸ್ ಪಟ್ಟಣದಲ್ಲಿ, ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲಿ ನೀನು ಕಣ್ಣು ಮುಚ್ಚಿದೆ. ನಿನ್ನನ್ನು ಮಣ್ಣಿಗಿಟ್ಟು ಬಂದ ದಿನವೇ, ಹೋದವರ ದನಿ ಮತ್ತೆ ಕೇಳಬಾರದೆಂದು, ಗಂಡಸರು ಧ್ವನಿವರ್ಧಕದ ತಂತಿ ಕತ್ತರಿಸಿದರು. ನಿನ್ನ ದನಿ ತುಂಬಿದ್ದ ಟೇಪುಗಳನ್ನು ಪೆಟ್ಟಿಗೆಗೆ ಹಾಕಿ ಲಾರಿಯಲ್ಲಿ ಪಟ್ಟಣಕ್ಕೆ ಕಳಿಸಿದರು. ಎಷ್ಟು ವರ್ಷ ಈ ಊರು ನಿನ್ನ ದನಿಗೇ ಎದ್ದಿತ್ತು! ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮು. ಆಮೇಲೆ, “ಏ ಸಿಂಬಳದ ಸಿಂಹಗಳಾ, ಎದ್ದು ಮುಖ ತೊಳ್ಕೊಳ್ರೋ! ಕಣ್ಣು ಹೋದ್ಮೇಲೆ ಕಾಂಗರೂ ಹಿಂದೆ ಓಡೋಕಾಗಲ್ಲ, ಕಾಂಗರೂನೇ ನಿಮ್ಮನ್ನ ಓಡಿಸುತ್ತೆ!” ಕಜ್ಜಿ, ಕೆಮ್ಮು, ಬಿಸಿಗಾಳಿ, ಸೂಜಿಮದ್ದು, ಯಾವ ಸುದ್ದಿಯೇ ಆಗಲಿ, ನಿನ್ನ ಬಾಯಿಂದ ಬಂದರೆ ಜನ ನಕ್ಕು, ಹೇಳಿದಂತೆ ಮಾಡುತ್ತಿದ್ದರು.

ನೀನು ಹೋದಮೇಲೆ ನಿನ್ನ ಹೆಸರೊಂದೇ ಅಲ್ಲ, ಇನ್ನೊಂದು ಮಾತೂ ಹೋಯಿತು. ಬೋರಿನಿಂದ ಬರುವ, ಬಾಯಾರಿದರೆ ಕುಡಿಯುವ, ಮುಖ ತೊಳೆಯುವ ಅದರ ಹೆಸರು. ನಮ್ಮ ನುಡಿಯಲ್ಲಿ ಅದಕ್ಕೂ ನಿನ್ನ ಹೆಸರಿಗೂ ಒಂದೇ ಸದ್ದು. ಡಲ್ಸಿ ದೊಡ್ಡಮ್ಮ ಎಲ್ಲರನ್ನೂ ಮರದ ಕೆಳಗೆ ಕೂರಿಸಿ, “ಇನ್ಮೇಲೆ ಅದನ್ನ ‘ತಣ್ಣನೆಯದು’ ಅನ್ನಿ. ಯಾರಾದ್ರೂ ಬಾಯಿ ತಪ್ಪಿದ್ರೆ ತುಟಿ ಮೇಲೆ ಬಾರಿಸ್ತೀನಿ” ಅಂದಳು. ಮಕ್ಕಳು ಬೇಗ ಕಲಿತರು. ನನಗೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ನಿನಗಾಗಿ ಅಳುವಾಗ ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನೂ ಏನೆಂದು ಕರೆಯಬೇಕೋ ತಿಳಿಯುತ್ತಿರಲಿಲ್ಲ.

ಹೋದ ವಾರ ಮೊದಲ ಮಳೆ ಬಿತ್ತು. ಒಣಹೊಳೆ ತುಂಬಿ ಹರಿದು ಹಳೇ ಬೋರಿನ ಬಾಯಿ ಮುಳುಗಿತು. ಬೋರಿನೊಳಗೆ ರೋಗದ ಹುಳು ಸೇರಿದೆ, ಕಾಯಿಸದೆ ಯಾರೂ ಕುಡಿಯಬಾರದು ಎಂದು ಪಟ್ಟಣದಿಂದ ಎಚ್ಚರಿಕೆ ಬಂತು. ನಮ್ಮ ಹೊಸ ನರ್ಸ್ ಮೆರಿಯಾನ್‌ಗೆ ನಮ್ಮ ಮಾತು ಬಾರದು. ಅವಳು ಕ್ಲಾರಿ ಮಾವನ ಕೈಗೆ ದನಿ ಹಿಗ್ಗಿಸುವ ಬಾಯಿಕೊಳವೆ ಕೊಟ್ಟಳು. ಮಾವ ಟ್ರಕ್ಕಿನ ಮೇಲೆ ನಿಂತು ಊರೆಲ್ಲ ಸುತ್ತಿ ಕೂಗಿದ:

“ಕೇಳ್ರಪ್ಪೋ! ತಣ್ಣನೆಯದನ್ನ ಯಾರೂ ಹಂಗೇ ಕುಡೀಬೇಡಿ! ಹುಳ ಐತೆ! ಕಾಯಿಸಿ ಕುಡೀರಿ!”

ಅಂಗಡಿಯ ಫ್ರಿಜ್ಜಿನಲ್ಲಿರುವ ಕೋಲಾ ಬಾಟಲಿಗಳಿಗೂ ಹುಡುಗರು ತಣ್ಣನೆಯದು ಎನ್ನತೊಡಗಿದ್ದರು; ಕೇಳಿ ಕೇಳಿ ದೊಡ್ಡಮ್ಮನ ಬಾಯಲ್ಲೂ ತಣ್ಣನೆಯದು ಎಂದರೆ ಕೋಲಾವೇ ಆಗಿ, ಕುಡಿಯುವುದು ಬರೀ ‘ಬೋರಿನದು’ ಆಗಿಹೋಗಿದೆಯೆಂದು ಮಾವನಿಗೆ ಹೊಳೆಯಲಿಲ್ಲ. ಊರಿಗೆ ಊರೇ ನಕ್ಕಿತು. “ಕೋಲಾನ ಒಲೆ ಮೇಲಿಡ್ಬೇಕಂತೆ! ಮಾವಂಗೆ ಬಿಸಿಲು ನೆತ್ತಿಗೇರಿದೆ ಕಣ್ರೇ!” ನಕ್ಕರೂ ಮಾತು ಮೀರಲಿಲ್ಲ. ಅಂಗಡಿಯ ಬಾಟಲಿಗಳನ್ನು ಮುಟ್ಟುವವರೇ ಇರಲಿಲ್ಲ. ಡಲ್ಸಿ ದೊಡ್ಡಮ್ಮ ತನ್ನ ಮನೆಯಲ್ಲಿದ್ದ ಕೋಲಾವನ್ನು ಮಣ್ಣಿಗೆ ಸುರಿದು, ನಿನ್ನ ಮೊಮ್ಮಗಳು ತಮೀಕಾಗೆ ಹಳೇ ಬೋರಿನಿಂದಲೇ ಲೋಟಗಟ್ಟಲೆ ಹಿಡಿದು ಕುಡಿಸಿದಳು.

ಮಗು ವಾಂತಿ ಮಾಡಿಕೊಳ್ಳಲು ಶುರುಮಾಡಿತು. ಆಮೇಲೆ ಭೇದಿ. ಕಣ್ಣು ಒಳಗೆ ಹೋದವು. ಕೈಯ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಮೆರಿಯಾನ್ ಪಟ್ಟಣದ ಆಸ್ಪತ್ರೆಯ ವಿಮಾನಕ್ಕೆ ಹೇಳಿಕಳಿಸಿದಳು. ಆದರೆ ವಿಮಾನ ಇಳಿಯುವ ಜಾಗವೆಲ್ಲ ಕೆಸರು. ಒಣಗುವ ತನಕ ಕಾಯಬೇಕಿತ್ತು. ಅವಳು ಪೊಟ್ಟಣ ಕಟ್ಟಿ ಕೊಟ್ಟ ಉಪ್ಪು ಸಕ್ಕರೆಯ ಪುಡಿಯನ್ನು ದೊಡ್ಡಮ್ಮ ಮತ್ತೆ ಅದೇ ಬೋರಿನದರಲ್ಲೇ ಕಲಸುತ್ತಿದ್ದಳು. ಮೆರಿಯಾನ್ ಕೇಳಿದ್ದನ್ನೆಲ್ಲ ಮಾವ ನಮ್ಮ ಮಾತಿಗೆ ತಿರುಗಿಸಿದ. “ಮಗೂಗೆ ತಣ್ಣನೆಯದು ಏನಾದ್ರೂ ಕೊಟ್ಯೇನವ್ವಾ?” ದೊಡ್ಡಮ್ಮ ಎದೆ ಮುಟ್ಟಿಕೊಂಡು ಹೇಳಿದಳು: “ನನ್ನಾಣೆಗೂ ಒಂದು ಹನೀನೂ ಕೊಟ್ಟಿಲ್ಲ ಕಣೋ.” ಮಾವ ತಲೆಯಾಡಿಸಿದ. ನರ್ಸೂ ತಲೆಯಾಡಿಸಿದಳು. ಮಗು ಮಾತ್ರ ಬಾಡುತ್ತಲೇ ಹೋಯಿತು.

ಆ ಸಂಜೆಯದನ್ನು ಹೇಗೆ ಬರೆಯಲಿ ಅಕ್ಕಾ.

ಸೂರ್ಯ ಮುಳುಗುತ್ತಿದ್ದ. ನಾವು ದೊಡ್ಡಮ್ಮನ ಜಗಲಿಯಲ್ಲಿದ್ದೆವು. ತಮೀಕಾ ನನ್ನ ತೊಡೆಯ ಮೇಲಿದ್ದಳು; ದೊಡ್ಡಮ್ಮ ಅವಳ ತುಟಿಗೆ ಲೋಟ ಹಿಡಿದಿದ್ದಳು. ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುವುದನ್ನು ನಿಲ್ಲಿಸಿದವು. ಅಂಗಡಿಯ ಕಂಬದ ಕಡೆಯಿಂದ ಕರಕರ ಸದ್ದು. ಆಮೇಲೆ ಆ ಸಣ್ಣ ಕೆಮ್ಮು.

ಮಗು ಕಣ್ಣು ತೆರೆದು ಕಂಬದ ಕಡೆ ನೋಡಿತು.

“ಏ ಸಿಂಬಳದ ಸಿಂಹಗಳಾ...” ಎಂದೆ ನೀನು. ಗಾಳಿಯಿರಲಿಲ್ಲ. ದನಿ ಎಲ್ಲಿಂದಲೋ ನಡೆದು ದಣಿದು ಬಂದಂತಿತ್ತು. ಹಳೇ ಬೋರಿನದನ್ನು ಕುಡಿಯಬೇಡಿ, ಕುಡಿದರೆ ಕರುಳು ಕಿತ್ತು ಬರುತ್ತೆ ಎಂದೆ. ನಾವು ಯಾರೂ ಬಾಯಿಗೆ ತರದ ಆ ಹೆಸರನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿದೆ. ಹಿಂದೊಮ್ಮೆ ಹೊಳೆ ಬಂದ ವರ್ಷ ನೀನು ಸಾರಿದ್ದ ಸುದ್ದಿಯೇ ಅದು. ಆದರೆ ಕೊನೆಯಲ್ಲಿ, “ಕೊಡಬೇಡ” ಎಂದೆಯಲ್ಲ, ಒಬ್ಬರಿಗೇ ಹೇಳುವಂತೆ, ಮೆಲ್ಲಗೆ, ಅದು ಆಗಿನ ಸುದ್ದಿಯಲ್ಲಿ ಇದ್ದ ನೆನಪು ನನಗಿಲ್ಲ.

ಲೋಟ ದೊಡ್ಡಮ್ಮನ ಕೈಯಿಂದ ಜಾರಿ ಬಿತ್ತು. ಹೆಂಗಸರು ಕಂಬಕ್ಕೆ ಬೆನ್ನು ಮಾಡಿ, ಕಿವಿ ಮುಚ್ಚಿ ಗೋಳಾಡಿದರು. ಅಳುತ್ತಲೇ ಎದ್ದು ಮನೆಮನೆಯ ಬಿಂದಿಗೆ ಬಕೆಟ್ಟುಗಳನ್ನು ಅಂಗಳಕ್ಕೆ ಕವುಚಿದರು. ಆ ಸಂಜೆ ಊರ ತುಂಬ ಒಲೆ ಉರಿದವು.

ನಾನು ಕಂಬದ ಹತ್ತಿರ ಹೋದೆ. ಕತ್ತರಿಸಿದ ತಂತಿ ಹಾಗೇ ಜೋತಾಡುತ್ತಿತ್ತು. ಧ್ವನಿವರ್ಧಕದ ಬಾಯಿಗೆ ಜೇಡ ಕಟ್ಟಿದ ಬಲೆ ಹರಿದಿರಲಿಲ್ಲ. ಮೆರಿಯಾನ್ ಆಸ್ಪತ್ರೆಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತು, ತಾನಲ್ಲ ಎಂದು ಕೈಯಾಡಿಸಿದಳು. ಕ್ಲಾರಿ ಮಾವ ನನ್ನ ಮುಖ ನೋಡದೆ, “ಮಳೆ ಬಿದ್ರೆ ತಂತಿ ತಾನೇ ಮಾತಾಡುತ್ತೆ ಬಿಡು” ಅಂದ. ಕಂಬದ ಕೆಳಗೆ ಹಸಿ ಮರಳಿತ್ತು. ಈ ಊರಲ್ಲಿ ಯಾರ ಹೆಜ್ಜೆ ಯಾರದೆಂದು ಎಲ್ಲರಿಗೂ ಗೊತ್ತು. ನಾನು ಬಗ್ಗುವ ಮೊದಲೇ ದೊಡ್ಡಮ್ಮ ಸೊಪ್ಪಿನ ಕೊಂಬೆ ಹಿಡಿದು ಬಂದು ನೆಲವನ್ನೆಲ್ಲ ಗುಡಿಸಿಬಿಟ್ಟಳು. ಏನು ಕಂಡಳೋ!

ಮಾರನೆಯ ದಿನ ನೆಲ ಒಣಗಿ ವಿಮಾನ ಇಳಿಯಿತು. ನಿನ್ನ ಮಗಳೂ ಮಗುವಿನ ಜೊತೆ ಹೋದಳು. ಪಟ್ಟಣದಲ್ಲಿ ನಾಲ್ಕು ದಿನ ಮಲಗಿದ್ದ ತಮೀಕಾ ಈಗ ಎದ್ದು ಕೂತು ಬ್ರೆಡ್ಡು ಜಾಮು ಕೇಳುತ್ತಿದ್ದಾಳಂತೆ. ಜೊತೆಗೆ, “ಅಜ್ಜಿ ಗದರಿದಳು” ಎನ್ನುತ್ತಾಳಂತೆ. ಯಾವ ಅಜ್ಜಿ ಎಂದು ಯಾರೂ ಕೇಳಿಲ್ಲ.

ಇವತ್ತು ಹೊಗೆಯೆಲ್ಲ ಆರಿದ ಮೇಲೆ ದೊಡ್ಡಮ್ಮ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಆ ಮಾತನ್ನ ಅವಳೇ ಆಡಿಬಿಟ್ಟಳು. ಇನ್ನು ಅದು ನಮ್ಮದು. ಹೆಸರು ಮಾತ್ರ ಅವಳದು, ಅದನ್ನ ಮುಟ್ಟಬೇಡ” ಅಂದಳು. ಆಮೇಲೆ, “ನಿನ್ನ ದನೀನೂ ಅವಳ ಥರಾನೇ ಐತೆ. ಆದ್ರೆ ಅವಳ ಥರ ಕೆಮ್ಮಬೇಡ, ತಾಯಿ. ನಿಲ್ತಾಳೆ” ಅಂದಳು.

ಹಾಗಾಗಿ ನಾನು ಕೆಮ್ಮುವುದಿಲ್ಲ. ನೀನೂ ಇನ್ನು ದಣಿಯಬೇಡ, ತಿರುಗಬೇಡ. ಅಲ್ಲಿ ಸುದ್ದಿ ಸಾರಬೇಕಾದ ಕೆಲಸ ಇಲ್ಲದಿರಲಿ. ಹೊತ್ತು ಏರುವ ತನಕ ಮಲಗು. ನೆರಳಿನ ದಾರಿ ಸಿಗಲಿ, ಕಾಲಿಗೆ ಮುಳ್ಳು ತಾಗದಿರಲಿ. ನಿನ್ನ ಮೊಮ್ಮಗಳು ನಮ್ಮ ಪಾಲಿಗಿರಲಿ. ಹೋಗಿ ಬಾ ಎನ್ನಲಾರೆ ಅಕ್ಕಾ, ಹೋಗು.

ನಿನ್ನ ತಂಗಿ,
ಟಿಲ್ಲಿ

ನಾಳೆ ಬೆಳಿಗ್ಗೆ ತಮೀಕಾ ಬರುವ ವಿಮಾನ ಇಳಿಯುವ ಮೊದಲು, ಅಂಗಡಿಯ ಕಂಬದ ಧ್ವನಿವರ್ಧಕದಲ್ಲಿ ನಾನು ಹೇಳುತ್ತೇನೆ: ನೀರು ಕಾಯಿಸಿ ಕುಡಿಯಿರಿ.