ಗೌತಮಿ ಓದಿದ ಹೆಸರು

ಮಾರ್ಚ್ 4, 2016. ಬೀದರ

ಮದುವೆಯಾಗಿ ಇಪ್ಪತ್ಮೂರನೇ ದಿನ! ಸಂಗಮೇಶ ಇಲ್ಲೇ ಊರಾಚೆ ಕೊಳಾರದ ಫ್ಯಾಕ್ಟರಿಗೆ ಹೊರಟವರು ಗೇಟಿನಿಂದ ಎರಡು ಸಲ ತಿರುಗಿ ನೋಡಿದರು. ಎರಡು!!

ನೀರಿನ ಟ್ಯಾಂಕರ್ ಇವತ್ತೂ ಇಲ್ಲ. ಮನೆಗೆಲಸದ ಜಿಜಾಬಾಯಿ ಪಾತ್ರೆಗಳನ್ನೆಲ್ಲ ಬರೀ ಬೂದಿಯಲ್ಲೇ ತಿಕ್ಕಿದಳು. ಪಕ್ಕದಲ್ಲಿ ಅವಳ ಮೊಮ್ಮಗಳು ಗೌತಮಿ, ನಾಲ್ಕೂವರೆ ವರ್ಷ. ಸೋ ಕ್ಯೂಟ್! ಔರಾದ ಕಡೆಯವರು. ಮಳೆ ಇಲ್ಲದೆ ಅಪ್ಪ-ಅವ್ವ ದುಡಿಯಲು ಪುಣೆಗೆ ಹೋಗಿದ್ದಾರೆ. ನನ್ನ ಮದುವೆಗೆ ಬಂದ ಬೋಗುಣಿಯ ಮೇಲೆ, ಕೊಟ್ಟವರ ಹೆಸರು ಕೊರೆದ ಕಡೆ, ಬೆರಳಾಡಿಸುತ್ತಿದ್ದಳು.

"ಅಕ್ಕಾ, ಏನ್ ಬರದಾರ್ರಿ ಇಲ್ಲಿ?"

"ಅನುಸೂಯಾಬಾಯಿ. ನಮ್ಮ ದೊಡ್ಡಮ್ಮ, ಹಲಬರ್ಗಾದಾಕಿ."

"ಅಕಿ ಇದರೊಳಗ ಅದಾಳೇನ್ರಿ?" — ಬಗ್ಗಿ ಒಳಗೆ ನೋಡಿದಳು!

ಮಾರ್ಚ್ 14

ಹುಡುಗಿಗೆ ಓದುವ ಹುಚ್ಚು. ಬಿಸ್ಕಿಟ್ ಪಾಕೀಟು, ಆಟೋ, ಪಾತ್ರೆ — ಎಲ್ಲದಕ್ಕೂ "ಓದ್ರಿ ಅಕ್ಕಾ." ನಾನೋ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಕಂಡರೆ ನನಗೇ ಟೆನ್ಷನ್. ಸರಿಯಾಗಿ ಕಲಿಸುವವರು ಬೇಕು.

ಅಂಗನವಾಡಿಗೆ ಕರೆದೊಯ್ದೆ. "ಹೆಸರು ಔರಾದನಾಗ ಅದ, ಬಿಡಿಸ್ಕೊಂಡು ಬರ್ರಿ" ಎಂದರು. ನರ್ಸರಿಗೆ ಫೋನ್ ಮಾಡಿದೆ. ಜೂನ್‌ಗೆ ಬನ್ನಿ, ಪೇರೆಂಟ್ಸ್ ಇಂಟರ್‌ವ್ಯೂ ಇದೆ ಅಂತೆ. ಪೇರೆಂಟ್ಸ್ ಪುಣೆಯಲ್ಲಿ ಇಟ್ಟಂಗಿ ಹೊರುತ್ತಿದ್ದಾರೆ.

ಅತ್ತೆ: "ಮೆಹಂದಿ ಇನ್ನಾ ಅಳಸಿಲ್ಲ, ಟೀಚರಮ್ಮ ಆಗ್ಯಾಳ ನೋಡ್ರಿ!"

ಮಾರ್ಚ್ 19

ಸಿಕ್ಕರು!! ಅಬ್ದುಲ ಗಫೂರ ಸರ್, ರಿಟೈರ್ ಆದ ಕನ್ನಡ ಮಾಸ್ತರು. ಪೆನ್ಸಿಲ್ ಕೊಡಲೇ ಇಲ್ಲ. "ಮೊದಲ ನಿನಗೇನ್ ಬರ್ತದ ತೋರ್ಸು, ಬೇಟಾ." ಗೌತಮಿ ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಿನಿಂದ ಅನುಸೂಯಾಬಾಯಿ ಬರೆದಳು!

"ಅರೆ ವಾ! ಒಂದನೇ ತಾರೀಖಿನಿಂದ ದಿನಾ ನಾಕಕ್ಕ ಕಳಸ್ರಿ. ಫೀಸ್ ಗೀಸ್ ಬ್ಯಾಡ. ಆದ್ರ ಮನ್ಯಾಗೂ ಓದ್ಬೇಕು. ಮನ್ಯಾಗ ಅಕ್ಷರ ಏನವ?"

ಜಿಜಾಬಾಯಿ ಇರುವ ಬಾಡಿಗೆ ಖೋಲಿಯಲ್ಲಿ ಒಂದಕ್ಷರವೂ ಇಲ್ಲ. ಬೋಗುಣಿಯನ್ನೇ ಕೊಟ್ಟುಬಿಟ್ಟೆ. ಅತ್ತೆಗೆ ಆಮೇಲೆ ಹೇಳಿದರಾಯಿತು.

ಮಾರ್ಚ್ 26. ಭಾಲ್ಕಿ

ಹೋಳಿ ಹಬ್ಬಕ್ಕೆ ತವರಿಗೆ ಬಂದು ನಾಲ್ಕು ದಿನ. ಈಗ ಸಂಗಮೇಶರ ಫೋನ್.

ಅತ್ತೆ ಪಾತ್ರೆ ಎಣಿಸಿದರಂತೆ. ಬೋಗುಣಿ ಜಿಜಾಬಾಯಿಯ ಖೋಲಿಯಲ್ಲಿ ಸಿಕ್ಕಿತಂತೆ. "ಸೊಸಿಯೋರೇ ಕೊಟ್ಟಾರ್ರಿ" ಎಂದಳಂತೆ. ಓಣಿಯವರೆಲ್ಲ ಸೇರಿದ್ದರು. "ನಿನ್ನ ಹೆಸರದ ಏನ ಇದರ ಮ್ಯಾಲ? ಯಾರದದ ಹೇಳು!" ಅಂತ ಅತ್ತೆ ಕೂಗಿದಾಗ ಗೌತಮಿಯೇ ಓಡಿ ಬಂದಳಂತೆ. ಬೆರಳಿಟ್ಟು, ದೊಡ್ಡ ದನಿಯಲ್ಲಿ ಓದಿದಳಂತೆ. ಅ-ನು-ಸೂ-ಯಾ-ಬಾ-ಯಿ. ಓದಿ ಎಲ್ಲರ ಮುಖ ನೋಡಿದಳಂತೆ... ಯಾರಾದರೂ ಶಾಬಾಸ್ ಅನ್ನುತ್ತಾರೆ ಅಂತ.

"ಬೋಗುಣಿ ನೀನೇ ಕೊಟ್ಟಿದ್ದಿ ಏನು?" ಸಂಗಮೇಶ ಕೇಳಿದರು. ಹಿಂದೆ ಅತ್ತೆಯ ದನಿ — "ಅಂಥೋರ ಮನಿಗಿ ನಮ್ಮ ಭಾಂಡಿ ಯಾರ್ ಕೊಡ್ತಾರ!" ಎದುರಿಗೆ ಅಮ್ಮ.

"ನೆನಪಿಲ್ಲ" ಅಂದೆ.

ನೆನಪಿಲ್ಲ ಅಂದೆ ನಾನು.

ಮಾರ್ಚ್ 30. ಬೀದರ

ಖೋಲಿಗೆ ಬೀಗ.

ಕಿರಾಣಿ ಅಂಗಡಿಯ ಮಡೆಪ್ಪ ಹೇಳಿದ: "ಮಗನ ಕಡಿ ಪುಣಾಕ್ಕ ಹೋದಳ್ರಿ. ಬಸ್‌ಸ್ಟ್ಯಾಂಡಿಗಿ ನಾನೇ ಬಿಟ್ಟು ಬಂದೆ. ಕೂಸು ಬಸ್ಸಿನ ಬೋರ್ಡು ಓದ್ಲಿಕತ್ತಿತ್ತು. ಮುದುಕಿ ಬಾಯಿ ಮ್ಯಾಲ ಹೊಡದಳು. ಇನ್ನೊಮ್ಮೆ ಓದಿದಿ ಅಂದ್ರ ನೋಡು, ಅಂದಳು."

ಏಪ್ರಿಲ್ 1. ಸಂಜೆ 4:20

"ಕೂಸು ಬರ್ಲಿಲ್ಲಲ್ರಿ? ನಾ ಚಾಪಿ ಹಾಸಿ ಕುಂತೇನಿ." ಗಫೂರ ಸರ್ ಫೋನ್.

ಜ್ವರ ಅಂದೆ.

"ಅಯ್ಯೋ ಪಾಪ. ಹಂಗಾರ ನಾಳಿ ಕಳಸ್ರಿ."

ಜಿಜಾಬಾಯಿಯ ಮಗನ ನಂಬರ್ ಸ್ವಿಚ್ಡ್ ಆಫ್. ಹತ್ತು ಸಲ ಮಾಡಿದೆ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆ?

ಏಪ್ರಿಲ್ 3, ಭಾನುವಾರ. ಮಧ್ಯಾಹ್ನ 3:40

ಪಾತ್ರೆಗೆ ಹೊಸಬಳು ಬಂದಿದ್ದಾಳೆ. ಅತ್ತೆ ಅಂಗಳದಲ್ಲಿ ಅವಳಿಗೆ ಹೇಳುತ್ತಿದ್ದಾರೆ — "ಮೊದಲಿನಾಕಿ ಕಳ್ಳಿ ಇದ್ದಳು." ಸಂಗಮೇಶ ಅಲ್ಲೇ ಪೇಪರ್ ಓದುತ್ತ ಕೂತಿದ್ದಾರೆ. ಇಬ್ಬರೂ ಇದ್ದಾರೆ. ಈಗಲೇ ಹೋಗುತ್ತೇನೆ. ಮೊದಲು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಎದುರು ನಿಂತಾಗ ಮಾತು ಬರುವುದಿಲ್ಲ...

ಅತ್ತೀ, ಜಿಜಾಬಾಯಿ ಕದ್ದಿಲ್ಲರಿ. ಅದನ್ನ ಅಕಿಗಿ ನಾ —