ಉದ್ದದ ಪಾಳಿ ಬೇಡ

ಮಾರ್ಚ್ ೧೪, ಗುರುವಾರ

ದಿನಕ್ಕೆ ಹನ್ನೆರಡು ಗಂಟೆ ದುಡಿದು ವಾರಕ್ಕೆ ಮೂರು ದಿನ ರಜೆಯೋ, ಎಂಟು ಗಂಟೆ ದುಡಿದು ಒಂದೇ ದಿನ ರಜೆಯೋ, ನಾಳೆ ಹೇಳಬೇಕಂತೆ. ವಾರ್ಡಿನ ನರ್ಸುಗಳೆಲ್ಲ ಉದ್ದದ ಪಾಳಿಗೇ ಕೈ ಎತ್ತಿದ್ದಾರೆ.

"ಮೂರು ದಿನ ಕಾಲು ಚಾಚ್ಕೊಂಡು ಬಿದ್ದಿರಬಹುದು, ಇನ್ನೇನಕ್ಕಾ ಯೋಚನೆ?" ಎಂದಳು ಅವರಲ್ಲಿ ಕಿರಿಯವಳು.

ನಮ್ಮವರು ಬದುಕಿದ್ದಾಗ ನಾನೂ ಉದ್ದದ ಪಾಳಿಯನ್ನೇ ಕೇಳುತ್ತಿದ್ದೆ. ರಜೆಯ ಮಧ್ಯಾಹ್ನ ಕಿಟಕಿಯ ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತ ಇಬ್ಬರೂ ಸುಮ್ಮನೆ ಮಲಗಿರುತ್ತಿದ್ದೆವು. ಪರದೆ ಈಗಲೂ ಹಾಗೇ ಉಬ್ಬುತ್ತದೆ. ಅರೆನಿದ್ದೆಯಲ್ಲಿ ಪಕ್ಕಕ್ಕೆ ಕೈ ಚಾಚಿ ಅವರ ಮಣಿಕಟ್ಟು ತಡಕುತ್ತೇನೆ, ನಾಡಿ ಸಿಗದೆ ಗಾಬರಿಯಾಗಿ ಏಳುತ್ತೇನೆ. ಅಂಥ ಮಧ್ಯಾಹ್ನ ವಾರಕ್ಕೊಂದೇ ಸಾಕು.

ಎಂಟು ಗಂಟೆಯದೇ ಇರಲಿ ಎನ್ನುತ್ತೇನೆ. ದಿನವೂ ಯಾರದಾದರೂ ಕೈ ಹಿಡಿದರೆ ಬೆರಳಿಗೆ ಮಿಡಿತ ಸಿಗುತ್ತದೆ, ಒಂದೇ ಸಮನೆ, ನಿಧಾನವಾಗಿ, ಬೆಚ್ಚಗೆ...